ಗುಗ್ಗರಿಯಾದ ವಿಸ್ಕಿ

ಈ ಪ್ರಸಂಗವನ್ನು ನಾನು ಈಗಾಗಲೇ ಹಲವರ ಮುಂದೆ ಹೇಳಿದ್ದೇನೆ. ಪ್ರತಿ ಸಲವೂ ತೊಟ್ಟಿ ಒಂದಿಷ್ಟು ದೊಡ್ಡದಾಗಿದೆ, ಜನ ಹೆಚ್ಚಾಗಿದ್ದಾರೆ. ಮೊದಲು ಒಂದೇ ಇದ್ದ ಟ್ರ್ಯಾಕ್ಟರ್, ರಾಯಚೂರಿನ ಚಹಾದಂಗಡಿಯಲ್ಲಿ ಹೇಳುವ ಹೊತ್ತಿಗೆ ಎರಡಾಗಿತ್ತು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಬೇಕು ಎಂದು ಕಲಿತಿದ್ದೆ. ಹಾಗೆ ಕಂಡವನು ನಾನೇ ಆಗಿರಬಹುದು ಎಂದು ಆಗ ಹೊಳೆದಿರಲಿಲ್ಲ. ಆದ್ದರಿಂದ ಇಲ್ಲಿ ಖಚಿತವಿದ್ದದ್ದನ್ನು ಖಚಿತವಾಗಿ, ಇಲ್ಲದ್ದನ್ನು ಇಲ್ಲವೆಂದೇ ಬರೆಯುತ್ತೇನೆ. ಟ್ರ್ಯಾಕ್ಟರ್ ಒಂದೇ ಇತ್ತು.

ನನ್ನ ಶಾಲೆಯ ಗೆಳೆಯನೊಬ್ಬನದು ಮಾನ್ವಿ. ಊರ ಹೊರಗೆ, ನೀರಮಾನ್ವಿಗೆ ಹೋಗುವ ರಸ್ತೆಯಲ್ಲಿ, ಅವನ ಅಪ್ಪ ಕಟ್ಟಿಸಿದ ಸಣ್ಣ ಅಕ್ಕಿ ಗಿರಣಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಇವನೇ ನಡೆಸುತ್ತಿದ್ದ. ಒಂದು ದಿನ ಫೋನ್ ಮಾಡಿ, "ಲೇ, ಜ್ವಾಳದ ವಿಸ್ಕಿ ಮಾಡಾಕತ್ತೀನಿ" ಎಂದ.

"ಜ್ವಾಳದ್ದು ರೊಟ್ಟಿ ಆಗ್ತದ. ವಿಸ್ಕಿ ಆಗಂಗಿಲ್ಲ" ಎಂದೆ.

"ನೀ ಓದಿದಾವ. ಯಾವ್ಯಾವುದು ಆಗಂಗಿಲ್ಲ ಅನ್ನೋದು ನಿನಗ ಪಕ್ಕಾ ಗೊತ್ತಿರ್ತದ. ಬಾ, ಕುಡದು ಹೇಳು. ಇಲ್ಲಿ ಕುಡದು ಹೇಳಾವ್ರು ಬೇಕಾಗ್ಯಾರ."

ಬೇಕಾಗಿದ್ದದ್ದು ನಿಜ. ಅವನು ಕುಡಿಯುವುದಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ದಿನವೂ ಪೂಜೆಯಾಗದೆ ಬಾಯಿಗೆ ನೀರು ಹಾಕುವವನಲ್ಲ. ತಾನು ಮಾಡಿದ್ದನ್ನು ಮೂಸುತ್ತಾನೆ, ನಾಲಿಗೆಯ ತುದಿಗೆ ಹಚ್ಚಿ ಉಗುಳುತ್ತಾನೆ, ಆಮೇಲೆ ಬಾಯಿ ತೊಳೆದುಕೊಳ್ಳುತ್ತಾನೆ. ಅಂಥವನಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೋ. ಯಾವುದೋ ಪ್ರವಾಸದಲ್ಲಿ ಬಾರ್ಲಿಯಿಂದ ವಿಸ್ಕಿ ಮಾಡುವುದನ್ನು ನೋಡಿಬಂದು, ನಮ್ಮ ಜೋಳ ಏನು ಪಾಪ ಮಾಡಿದೆ ಎಂದುಕೊಂಡನಂತೆ. ಲೈಸೆನ್ಸಿಗಾಗಿ ಅವನು ಓಡಾಡಿದ ಕಥೆ ದೊಡ್ಡದು, ಅದನ್ನು ಅವನೇ ಬರೆಯಲಿ.

ನಾನು ಹೋದದ್ದು ಚಳಿಗಾಲದಲ್ಲಿ. ಸಂಕ್ರಾಂತಿಯ ಮುಂದೋ ಹಿಂದೋ ಎಂದು ಯಾರಾದರೂ ಕೇಳಿದರೆ, ಅವರ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದದ್ದು ನೆನಪಿದೆ, ಆದ್ದರಿಂದ ಆಸುಪಾಸಿನಲ್ಲೇ ಇರಬೇಕು ಎನ್ನುತ್ತೇನೆ. ರಾಯಚೂರಿನಿಂದ ಬಸ್ಸಿನಲ್ಲಿ ಹೊರಟೆ. ಕಿಟಕಿಯ ಸೀಟು ಸಿಕ್ಕಿದ್ದರೂ ಅರ್ಧ ದಾರಿ ನಿಂತೇ ಇದ್ದೆ. ಒಂದು ಕಡೆ ಕೂಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ.

ಗಿರಣಿಯ ಬಾಗಿಲಲ್ಲಿ ಗೆಳೆಯನ ಜೊತೆ ಚಾಚಾ ನಿಂತಿದ್ದರು. ಬಾಯ್ಲರ್ ನೋಡಿಕೊಳ್ಳುವವರು. ನಾವು ಚಡ್ಡಿ ಹಾಕಿಕೊಂಡು ಹೊಟ್ಟಿನ ಗುಡ್ಡೆಯ ಮೇಲೆ ಜಾರುತ್ತಿದ್ದ ಕಾಲದಿಂದಲೂ ಅವರು ಅಲ್ಲೇ ಇದ್ದಾರೆ. ಆಗ ಮೀಸೆ ಕಪ್ಪಗಿತ್ತು, ಈಗ ಗಡ್ಡಕ್ಕೆ ಮೆಹಂದಿ ಬಂದಿದೆ.

"ಬರ್ರಿ, ಬರ್ರಿ. ರುಚಿ ನೋಡಾ ಸಾಹೇಬ್ರು ಬಂದ್ರು" ಎಂದರು. "ನಾ ಅಂತೂ ಈ ಚೀಜ್ ಮುಟ್ಟಂಗಿಲ್ಲ. ನಿಮ್ಮ ದೋಸ್ತಾನೂ ಮುಟ್ಟಂಗಿಲ್ಲ. ಇಂಥಾ ಫ್ಯಾಕ್ಟರಿ ದುನಿಯಾದಾಗ ಎಲ್ಲೂ ಇರ್ಲಿಕ್ಕಿಲ್ಲ."

ಒಳಗೆ ಗಿರಣಿ ಬಹುಮಟ್ಟಿಗೆ ಗಿರಣಿಯಾಗಿಯೇ ಇತ್ತು. ಭತ್ತ ನೆನೆಸುತ್ತಿದ್ದ ಕಬ್ಬಿಣದ ಎತ್ತರದ ತೊಟ್ಟಿಗಳು, ಹತ್ತಲು ಅದೇ ಏಣಿ, ತಳಕ್ಕೆ ಹೋಗುವ ಅದೇ ಹಬೆಯ ಕೊಳವೆ. ಅಕ್ಕಿಚೀಲ ಒಟ್ಟುತ್ತಿದ್ದ ಜಾಗದಲ್ಲಿ ಎರಡು ಮರದ ಪೀಪಾಯಿಗಳು ಮಲಗಿದ್ದವು. ಹೊಸದೆಂದರೆ ತಾಮ್ರದ ಹಂಡೆ. ನಮ್ಮ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆಯನ್ನೇ ಆಳೆತ್ತರ ಬೆಳೆಸಿ, ಅದಕ್ಕೆ ಕೊಕ್ಕರೆಯ ಕುತ್ತಿಗೆ ಬೆಸೆದಂತಿತ್ತು. ಹಳೆಯ ಬಾಯ್ಲರು ಮೊದಲು ಭತ್ತ ಬೇಯಿಸುತ್ತಿತ್ತು, ಈಗ ಈ ಹಂಡೆಯನ್ನು ಕಾಯಿಸುತ್ತದೆ.

ಗೆಳೆಯ ಒಂದೊಂದನ್ನೇ ತೋರಿಸಿದ. ಕಾಳು ನೆನೆಸಬೇಕು, ನೀರು ಬಸಿದು ಮೊಳಕೆ ಬರಿಸಬೇಕು, ಒಣಗಿಸಿ ಒಡೆಯಬೇಕು. ಬಿಸಿನೀರಿಗೆ ಹಾಕಿದರೆ ಮೊಳಕೆಯ ಶಕ್ತಿಯಿಂದ ಕಾಳಿನ ಹಿಟ್ಟು ಸಕ್ಕರೆಯಾಗುತ್ತದೆ. ಆ ಸಿಹಿನೀರು ಹುದುಗಿದ ಮೇಲೆ ಹಂಡೆಗೆ. ಹಂಡೆಯಿಂದ ಮೊದಲು ಇಳಿಯುವುದನ್ನು ಚೆಲ್ಲಬೇಕು, ಕೊನೆಯದನ್ನು ಬೇರೆ ಇಡಬೇಕು, ನಡುವಿನದೇ ಸರಕು. ಅದು ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಬೇಕು. "ಎಲ್ಲಾ ನಿಂತಿರೋದು ಮೊಳಕಿ ಮ್ಯಾಲ" ಎಂದ. "ಅದು ಸತ್ರ ಮುಂದಿಂದೆಲ್ಲಾ ಸತ್ತಂಗ."

ತಾಲೀಮಿಗೆಂದು ಸ್ವಲ್ಪ ಜೋಳದಿಂದ ಇಳಿಸಿದ್ದ ಬಿಳಿಯ ದ್ರವ ಒಂದು ಗಾಜಿನ ಜಾಡಿಯಲ್ಲಿತ್ತು. ಪೀಪಾಯಿ ಕಾಣದ್ದು, ನೀರಿನಂತೆ ತಿಳಿ. ಒಂದು ಚಮಚದಷ್ಟಕ್ಕೆ ನೀರು ಬೆರೆಸಿ ಕೊಟ್ಟ. ಮೊದಲು ಬಾಯೆಲ್ಲ ಬೆಂಕಿಯಾಯಿತು. ಕಣ್ಣೊರೆಸಿಕೊಂಡ ಮೇಲೆ, ಹಿಂದಿನಿಂದ ಮೆಲ್ಲಗೆ, ಹಂಚಿನ ಮೇಲೆ ಅಂಚು ಸೀದ ರೊಟ್ಟಿಯ ವಾಸನೆ ಬಂತು.

"ರೊಟ್ಟಿ" ಎಂದೆ.

ಅವನು ನನ್ನ ಬೆನ್ನಿಗೆ ಗುದ್ದಿದ ಗುದ್ದು ಖಚಿತವಾಗಿ ನೆನಪಿದೆ. ಆದರೆ ಜೋಳದ್ದು ಎಂದು ಮೊದಲೇ ಗೊತ್ತಿದ್ದವನಿಗೆ ರೊಟ್ಟಿಯ ವಾಸನೆ ಬರದೆ ಇನ್ನೇನು ಬಂದೀತು ಎಂದು ಮರುಕ್ಷಣವೇ ಅನುಮಾನ ಬಂತು. ಅದನ್ನು ಅವನಿಗೆ ಹೇಳಲಿಲ್ಲ.

ಆ ಹೊತ್ತಿಗೆ ದೊಡ್ಡ ತೊಟ್ಟಿಯಲ್ಲಿ ಮೊದಲ ನಿಜವಾದ ಸರಕು ಬಿದ್ದಿತ್ತು. ದೇವದುರ್ಗದ ಜಾಲಹಳ್ಳಿ ಕಡೆಯ ಬಿಳಿಜೋಳ. ಆರು ಚೀಲವೋ ಎಂಟೋ. ನೆನೆಸಿ, ನೀರು ಬಸಿದು, ಚಳಿಗೆ ನೆಲದ ಮೇಲೆ ಹರಡಿದರೆ ಮೊಳೆಯಲಿಕ್ಕಿಲ್ಲ ಎಂದು ತೊಟ್ಟಿಯಲ್ಲೇ ಬಿಟ್ಟು ಮೇಲೆ ಗೋಣಿತಟ್ಟು ಹೊದಿಸಿದ್ದರು. ಜಾಲಹಳ್ಳಿ ಅವನ ತಾಯಿಯ ತವರು. ಅಲ್ಲಿಂದ ಪ್ರತಿ ವರ್ಷ ಮನೆಯ ರೊಟ್ಟಿಗೆ ಜೋಳ ಬರುತ್ತದೆ. ಈ ಸಲ ಮಗ ಸೋದರಮಾವನಿಗೆ ಫೋನ್ ಮಾಡಿ ಹೆಚ್ಚು ತರಿಸಿದ್ದ.

"ಅವ್ವಗ ಗೊತ್ತದೇನು?" ಎಂದು ಕೇಳಿದೆ.

ಅವನು ಗಿರಣಿಯ ಹಿಂಗೋಡೆಯತ್ತ ನೋಡಿದ. ಅಲ್ಲೊಂದು ಸಣ್ಣ ಬಾಗಿಲಿದೆ. ಗೋಡೆಯಾಚೆ ಅವರ ಮನೆಯ ಹಿತ್ತಲು. ಮೊದಲೆಲ್ಲ ಅವನ ತಾಯಿ ದಿನಕ್ಕೆ ಎಷ್ಟೋ ಸಲ ಆ ಬಾಗಿಲಿನಿಂದ ಬಂದು ಹೋಗುತ್ತಿದ್ದರು. ಆಳುಗಳಿಗೆ ಚಹಾ ಆಯಿತೇ, ಅಕ್ಕಿ ಆರಿಸುವವರಲ್ಲಿ ಯಾರು ಬಂದಿಲ್ಲ, ಬಾಯ್ಲರ್ ಯಾಕೆ ಹೊಗೆಯುಗುಳುತ್ತಿದೆ, ಎಲ್ಲ ಅವರಿಗೆ ಬೇಕು. ತಾಮ್ರದ ಹಂಡೆ ಬಂದ ದಿನ ಅವರು ತಮ್ಮ ಕಡೆಯಿಂದ ಚಿಲಕ ಹಾಕಿಕೊಂಡರಂತೆ. ಜಗಳವಿಲ್ಲ. ಮಗನಿಗೆ ಊಟ ಬಡಿಸುತ್ತಾರೆ, ಮಾತಾಡುತ್ತಾರೆ. ಗಿರಣಿಯ ಸುದ್ದಿ ಮಾತ್ರ ಎತ್ತುವುದಿಲ್ಲ. ಒಂದು ವರ್ಷವೇ ಆಗಿತ್ತು.

"ಮಂದಿ ಕುಡೀಲಿ ಬಿಡ್ಲಿ" ಎಂದ. "ಅವ್ವ ಒಮ್ಮೆ ಒಳಗ ಬಂದು ನೋಡ್ಬೇಕು. ಬೈದ್ರೂ ನಡೀತದ. ಇಲ್ಲಂದ್ರ ಯಾರಿಗಿ ತೋರಸ್ಲಿ ಇದನ್ನ?"

ಹುಚ್ಚು ಹಂಡೆಯದ್ದೋ ಬಾಗಿಲದ್ದೋ ಎಂದು ಆಗ ನನಗೆ ಗೊಂದಲವಾಯಿತು. ಹತ್ತಿರದಲ್ಲೇ ನಿಂತಿದ್ದ ಚಾಚಾ, "ಮಾಲ್ ಕೆಟ್ಟಿದ್ರ ಅಮ್ಮಾರು ಬರ್ತಿದ್ರು" ಎಂದು ನಕ್ಕರು.

ಅದು ಆ ಗಿರಣಿಯ ಹಳೆಯ ಕಟ್ಟಳೆ. ಅಕ್ಕಿ ಗಿರಣಿಯಲ್ಲಿ ನೆನೆಸಿದ ಭತ್ತ ಹೆಚ್ಚು ಹೊತ್ತು ನೀರಲ್ಲಿ ಉಳಿದರೆ ಹುಳಿಯಾಗುತ್ತದೆ, ಮೊಳೆಯುತ್ತದೆ. ಅಂದರೆ ಮಾಲು ಕೆಟ್ಟಿತು, ಕಂಡ ಕೂಡಲೇ ಹಬೆ ಬಿಟ್ಟು ಬೇಯಿಸಿಬಿಡಬೇಕು. ಹಾಗಾದಾಗ ಮೊದಲು ಮಾಲಕರಿಗಲ್ಲ, ಅವರ ಹೆಂಡತಿಗೆ ಹೇಳಬೇಕು. ಗೆಳೆಯನ ಅಪ್ಪ ಮುಂಗೋಪಿ, ಸಿಟ್ಟಿನಲ್ಲಿ ಎಲ್ಲ ಹಳ್ಳಕ್ಕೆ ಸುರಿಸಿಬಿಡುತ್ತಿದ್ದರು. ಅದಕ್ಕೇ ಈ ತಾಯಿ ಆ ನಿಯಮ ಮಾಡಿದ್ದರು. ಅವರು ಬಂದು ಒಂದು ಹಿಡಿ ಕಾಳು ಕಣ್ಣಿಗೊತ್ತಿಕೊಂಡು, ಇದು ದನಕ್ಕೆ, ಇದು ಜನಕ್ಕೆ ಎಂದು ತೀರ್ಪು ಕೊಡುತ್ತಿದ್ದರು. ಹುಡುಗನಾಗಿದ್ದಾಗ ಅಂಥ ಒಂದು ತೀರ್ಪಿನ ದಿನ ಆ ಭತ್ತದ್ದೇ ಬಿಸಿ ಅವಲಕ್ಕಿ ತಿಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. "ನೀ ಅವತ್ತು ಇದ್ದಿದ್ದೇ ಇಲ್ಲ, ನಾ ಸಾಲ್ಯಾಗ ಹೇಳಿದ್ದು ಕೇಳಿ" ಎನ್ನುತ್ತಾನೆ ಗೆಳೆಯ. ಅವನು ಹೇಳುವುದೂ ನಿಜವಿರಬಹುದು. ಆದರೆ ಅವಲಕ್ಕಿ ಬಿಸಿಯಾಗಿತ್ತು.

ಸಂಜೆ ಅವರ ಮನೆಗೆ ಊಟಕ್ಕೆ ಹೋದೆವು, ರಸ್ತೆಯ ಕಡೆಯಿಂದ ಸುತ್ತಿಕೊಂಡು. ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಪ್ಪಾ, ಅಷ್ಟೆಲ್ಲಾ ಓದಿ ಕಡೀಕ ಶೆರೆ ರುಚಿ ನೋಡಾ ನೌಕರಿ ಸಿಕ್ತೇನು?"

"ಪಗಾರ ಇಲ್ರೀ ಯವ್ವಾ. ಸೇವಾ."

"ಸೇವಾ! ಚಲೋ ದೇವ್ರು ಹುಡುಕ್ಕೊಂಡಿ" ಎಂದು ನನ್ನ ತಟ್ಟೆಗೆ ಇನ್ನೊಂದು ಸಜ್ಜೆ ರೊಟ್ಟಿ ಹಾಕಿದರು. ಮಗ ತಲೆ ಎತ್ತದೆ ಉಂಡ. ಆಮೇಲೆ ಅವರು ಯಾರಿಗೂ ಅಲ್ಲವೆಂಬಂತೆ ಹೇಳಿದರು: "ನಮ್ಮಣ್ಣ ಫೋನ್ ಮಾಡಿದ್ದ. ಇಷ್ಟ್ಯಾಕ ಜ್ವಾಳ, ಮದಿವಿ ಅದೇನು ಅಂತ ಕೇಳಿದ. ನನಗೇನ್ ಗೊತ್ತು ಅಂದೆ."

ಗೆಳೆಯನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ನಾನು ಅವರ ಮನೆಯಲ್ಲೇ ಮಲಗಿದ್ದೆ. ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ವಾಸನೆ. ಬೆಂದ ಜೋಳದ, ಸಿಹಿಯಾದ, ಬಾಯಲ್ಲಿ ನೀರೂರಿಸುವ ವಾಸನೆ. ಅಡುಗೆಮನೆಯಲ್ಲಿ ಗುಗ್ಗರಿ ಆಗುತ್ತಿರಬೇಕು ಎಂದುಕೊಂಡು ಎದ್ದು ಹಿತ್ತಲಿಗೆ ಬಂದೆ. ತಾಯಿ ಆಗಲೇ ಅಲ್ಲಿ ನಿಂತಿದ್ದರು, ಮೂಗು ಮೇಲೆತ್ತಿಕೊಂಡು. ಅವರ ಒಲೆಯಿನ್ನೂ ಹೊತ್ತಿರಲಿಲ್ಲ. ಗೆಳೆಯ ಹಲ್ಲುಜ್ಜುತ್ತ ಬಂದ. ಮೂವರೂ ಗೋಡೆ ನೋಡಿದೆವು. ಗಿರಣಿಯ ತಗಡಿನ ಮೇಲಿಂದ ಬಿಳಿ ಹಬೆ ದಪ್ಪಗೆ ಏಳುತ್ತಿತ್ತು.

ಅಷ್ಟರಲ್ಲಿ ಸಣ್ಣ ಬಾಗಿಲನ್ನು ಆಚೆಯಿಂದ ಯಾರೋ ದಬದಬ ಬಡಿದರು. ಚಾಚಾ ಅವರ ದನಿ.

"ಅಮ್ಮಾ! ಓ ಅಮ್ಮಾ! ಮಾಲ್ ಕೆಟ್ಟದ ರೀ! ಲಗೂನ ಬರ್ರಿ!"

ಗೆಳೆಯನ ಬಾಯಿ ತುಂಬ ನೊರೆ. ತಾಯಿ ಬಾಗಿಲ ಮುಂದೆ ಹೋಗಿ ನಿಂತರು. ಎಷ್ಟು ಹೊತ್ತು ನಿಂತರೋ ಹೇಳಲಾರೆ. ನನ್ನ ನೆನಪಿನಲ್ಲಿ ತುಂಬ ಹೊತ್ತು, ಗೆಳೆಯನ ಪ್ರಕಾರ ನಿಲ್ಲಲೇ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚಿಲಕ ಎಳೆದರು. ಚಿಲಕದ ಸಪ್ಪಳ ನನಗೆ ಈಗಲೂ ಕೇಳುತ್ತದೆ. ಬಾಗಿಲು ತೆರೆಯಿತು, ಅವರು ಒಳಗೆ ಹೋದರು, ಹಿಂದೆ ನಾವಿಬ್ಬರು.

ಆದದ್ದು ಇಷ್ಟು. ಚಾಚಾ ನಸುಕಿನಲ್ಲಿ ಎಂದಿನಂತೆ ಬಾಯ್ಲರ್ ಹೊತ್ತಿಸಿ, ತೊಟ್ಟಿ ಹೇಗಿದೆ ನೋಡೋಣವೆಂದು ಏಣಿ ಹತ್ತಿ, ಗೋಣಿತಟ್ಟು ಸರಿಸಿದ್ದಾರೆ. ಕಾಳಿಗೆಲ್ಲ ಬಿಳಿ ಮೂತಿ ಬಂದಿತ್ತು. ಜೀವಮಾನವಿಡೀ ಯಾವುದು ಕಾಣಿಸಿಕೊಳ್ಳಬಾರದೆಂದು ಕಾದಿದ್ದರೋ ಅದೇ ಕಾಣಿಸಿತು. ಇಳಿದು ಬಂದವರೇ ತೊಟ್ಟಿಗೆ ಹಬೆ ಬಿಟ್ಟಿದ್ದಾರೆ.

"ಬಾಲ ಕಂಡ ಕೂಡ್ಲೇ ಕೈ ತಾನ ವಾಲ್ವಿಗಿ ಹೋತ್ರೀ" ಎಂದರು. "ಅರ್ಧಾ ತಾಸು ಆದಮ್ಯಾಗ ನೆನಪಾತು, ಅರೇ, ಇದು ಭತ್ತ ಅಲ್ಲ ಅಂತ."

"ಚಾಚಾ! ಆ ಬಾಲಕ್ಕ ಅಲ್ಲೇನ್ರೀ ನಾ ಕಾಯಾಕತ್ತಿದ್ದು!" ಗೆಳೆಯ ನೊರೆ ಉಗುಳಿ ಕೂಗಿದ.

"ಹೌದಪಾ. ಅದಕ್ಕ ನಿನಗ ಹೇಳ್ಲಿಲ್ಲ, ಅಮ್ಮಾರಿಗಿ ಹೇಳಿದೆ."

ತೊಟ್ಟಿಯ ಕೆಳಬಾಯಿ ತೆರೆದು ಒಂದು ಬುಟ್ಟಿ ಇಳಿಸಿದರು. ಹಬೆಯಾಡುವ, ಉಬ್ಬಿ ಬಿರಿದ ಜೋಳ. ತಾಯಿ ಒಂದು ಹಿಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅಂಗೈಯಿಂದ ಅಂಗೈಗೆ ಹಾಕಿ ಆರಿಸಿ ಬಾಯಿಗೆ ಹಾಕಿಕೊಂಡರು. ಅಗಿದರು. ನಾವು ಮೂವರೂ ಅವರ ದವಡೆಯನ್ನೇ ನೋಡುತ್ತಿದ್ದೆವು.

"ಉಪ್ಪಿಲ್ಲ" ಎಂದರು.

ಒಂದು ವರ್ಷದ ನಂತರ ಆ ಗಿರಣಿಯೊಳಗೆ ಅವರಾಡಿದ ಮೊದಲ ಮಾತು ಅದು. ಈ ವಿಷಯದಲ್ಲಿ ನಮಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

"ಅವ್ವಾ, ಎಲ್ಲಾ ಸತ್ತ ಹೋತು" ಎಂದ ಗೆಳೆಯ. ಚೀಲದ ಮೇಲೆ ಕುಸಿದು ಕೂತಿದ್ದ.

"ಏನ್ ಸತ್ತದಲೇ? ಸತ್ತದ್ದು ಇಷ್ಟು ರುಚಿ ಇರ್ತದೇನು? ಏಳು, ಮನಿಯಾಗ ಉಪ್ಪಿನ ಡಬ್ಬಿ ಅದ, ಬೆಲ್ಲದ ಪೆಂಟಿ ಅದ, ತೊಗೊಂಡ್ ಬಾ. ಕೊಬ್ಬರಿ ಗ್ವಾಡಿ ಮಾಡದಾಗ ಅದ. ಮಕಾ ತೊಳ್ಕೊಂಡು ಬಾ ಮೊದಲ."

ಅವನು ಎದ್ದು ಓಡಿದ. ರಸ್ತೆಯ ಕಡೆಯಿಂದಲ್ಲ, ಸಣ್ಣ ಬಾಗಿಲಿನಿಂದಲೇ.

ಆಮೇಲೆ ನಡೆದದ್ದು ಹಬ್ಬ. ಕೆಲಸಕ್ಕೆ ಬಂದ ಹೆಂಗಸರು ಕೊಬ್ಬರಿ ತುರಿದರು, ನನ್ನ ಕೈಗೆ ಬೆಲ್ಲ ಕುಟ್ಟಲು ಕಲ್ಲು ಕೊಟ್ಟರು. ಉಪ್ಪಿನದು ಒಂದು ರಾಶಿ, ಬೆಲ್ಲದ್ದು ಒಂದು. ಮೊಳಕೆ ಒಡೆದ ಕಾಳಾದ್ದರಿಂದ ಗುಗ್ಗರಿಗೆ ಬೇರೆಯದೇ ಸಿಹಿ ಇತ್ತು. ಪಕ್ಕದ ಗ್ಯಾರೇಜಿನವರು ಬಂದರು, ಶಾಲೆಗೆ ಹೊರಟ ಮಕ್ಕಳು ಬಂದರು. ಚಾಚಾ ತಮ್ಮ ಮನೆಗೆಂದು ದೊಡ್ಡ ಡಬ್ಬಿ ತುಂಬಿಸಿಕೊಂಡರು. ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೊರಟ ಟ್ರ್ಯಾಕ್ಟರೊಂದು ಗುಂಪು ನೋಡಿ ನಿಂತಿತು. ಹಿಂದಿನ ಟ್ರೈಲರಿನಲ್ಲಿ ಕೂತ ಹೆಂಗಸರ ಕೈಗೆ ತಾಯಿಯೇ ಕಾಗದದ ಪೊಟ್ಟಣ ಕೊಟ್ಟರು.

ಒಬ್ಬಾಕೆ ಗಿರಣಿಯ ಮುಂದಿನ ಹೊಸ ಬೋರ್ಡು ಓದಿ ಹಿಂಜರಿದಳು. "ಯವ್ವಾ, ಇದು ಶೆರೆ ಫ್ಯಾಕ್ಟರಿ ಅಲ್ರೀ? ತಿಂದ್ರ ನಿಶಾ ಏರ್ತದೇನು?"

"ಏರಿದ್ರ ಎಲ್ಲಮ್ಮ ಇಳಸ್ತಾಳ. ಹೊಂಟಿದ್ದೇ ಅಲ್ಲಿಗಿ ಹೌದಿಲ್ಲೋ? ತಿನ್ನು."

ಟ್ರೈಲರು ತುಂಬ ನಗೆ. ಟ್ರ್ಯಾಕ್ಟರು ಹೊರಟಾಗ ಆಕೆ ಬಾಯಿ ತುಂಬಿಕೊಂಡಿದ್ದಳು.

ಬಿಸಿಲೇರಿದ ಮೇಲೆ ಗುಂಪು ಕರಗಿತು, ಉಳಿದ ಜೋಳ ದನಕ್ಕೆಂದು ಬೇರೆಯಾಯಿತು. ತಾಯಿ ಮನೆಗೆ ಹೋಗಲಿಲ್ಲ. ಕೈಯೊರೆಸಿಕೊಳ್ಳುತ್ತ ಮೆಲ್ಲಗೆ ಒಳಗೆ ಓಡಾಡಿದರು. ಏಣಿ ಮುಟ್ಟಿದರು. ತಾಮ್ರದ ಹಂಡೆಯ ಮುಂದೆ ನಿಂತು, ಬೆರಳಿನಿಂದ ಉಜ್ಜಿ, ಬೆರಳು ನೋಡಿಕೊಂಡರು. ಗೆಳೆಯ ಎರಡು ಹೆಜ್ಜೆ ಹಿಂದೆಯೇ ಇದ್ದ.

"ಹುಣಸಿಹಣ್ಣು ಹಚ್ಚಿ ತಿಕ್ಕಿಲ್ಲೇನು ಇದನ್ನ?"

"ತಿಕ್ಕಿಸ್ತೀನಿ ಅವ್ವಾ."

"ಇದರಾಗ ನನ್ನ ತವರಿನ ಜ್ವಾಳ ಹೋಗ್ತದ?"

"ಹೂಂ."

ಬೈಗುಳ ಬರುತ್ತದೆಂದು ನಾನೂ ಕಾದೆ. ಅವರು ಹಂಡೆಯ ಕುತ್ತಿಗೆಯನ್ನು ತುದಿಯವರೆಗೂ ಕಣ್ಣಲ್ಲೇ ಹತ್ತಿ, ಇಳಿದು, ಮಗನ ಕಡೆ ತಿರುಗಿದರು.

"ಇನ್ನೊಮ್ಮೆ ನೆನಿ ಹಾಕಿದಾಗ ನನಗ ಹೇಳು. ಗಂಡಸ್ರು ಎಂದರ ಮೊಳಕಿ ಬರಿಸ್ಯಾರೇನು? ಮೊಳಕಿ ತನಾ ನಂದು. ಮುಂದಿಂದು ನಿಂದು, ನಿನ್ನ ಪಾಪ ನೀನ ನೋಡ್ಕೋ."

ಮೊದಲ ಸರಕು ಪೂರ್ತಿ ಹೋದ ದಿನ ಒಬ್ಬ ಮನುಷ್ಯ ಅಷ್ಟು ಅಗಲವಾಗಿ ನಕ್ಕದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲಿನ ಸುದ್ದಿ ಫೋನಿನಲ್ಲಿ ಬರುತ್ತಿತ್ತು. ತಾಯಿ ಬರಿಸಿದ ಮೊದಲ ಮೊಳಕೆ ಅರ್ಧ ಬಂತು, ಅರ್ಧ ಬರಲಿಲ್ಲ. ಹೆಸರುಕಾಳಿಗೆ ಮಾಡುವಂತೆ ಉಗುರುಬೆಚ್ಚಗಿನ ನೀರು ಚಿಮುಕಿಸಿದ್ದರಂತೆ. ತಪ್ಪು ತೊಟ್ಟಿಯದು ಎಂದರಂತೆ. ಎರಡನೆಯದು ಸರಿಯಾಯಿತು. ಚಾಚಾ ತೊಟ್ಟಿಗೆ ಹೋಗುವ ಹಬೆಯ ವಾಲ್ವಿಗೆ ಬಟ್ಟೆ ಸುತ್ತಿ, ಅದಕ್ಕೆ ಗಂಟು ಹಾಕಿ, ತಮ್ಮ ಕೈಗೆ ತಾವೇ ಅಡ್ಡಿ ಮಾಡಿಕೊಂಡಿದ್ದಾರೆ.

ಹೋದ ತಿಂಗಳು ಮತ್ತೆ ಹೋಗಿದ್ದೆ. ಬರೆಯುವ ಮುಂಚೆ ಒಮ್ಮೆ ಎಲ್ಲ ನೋಡಿಬರೋಣ ಎಂಬುದು ನನ್ನ ನೆಪ. ತೊಟ್ಟಿ ನಾನು ಹೇಳಿಕೊಂಡು ಬಂದದ್ದಕ್ಕಿಂತ ಸಣ್ಣದು. ಸಣ್ಣ ಬಾಗಿಲು ಹಾಕಿರಲಿಲ್ಲ, ಒಂದು ಚೀಲ ಅಡ್ಡವಿಟ್ಟು ತೆರೆದಿಟ್ಟಿದ್ದರು. ಅದರ ಚಿಲಕ ನೋಡಿದೆ, ಹಿತ್ತಲ ಕಡೆಯೇ ಇತ್ತು. ನೆನಪು ಒಂದಾದರೂ ಸರಿಯಿದೆಯಲ್ಲ ಎಂದು ಖುಷಿಪಟ್ಟು ಬಾಗಿಲನ್ನು ತಿರುಗಿಸಿದೆ. ಗಿರಣಿಯ ಕಡೆಯೂ ಒಂದು ಚಿಲಕವಿತ್ತು. ಹಿತ್ತಲ ಕಡೆಯದರಂತೆ ಸವೆದಿರಲಿಲ್ಲ, ಹೊಸದು.

ಗೆಳೆಯನನ್ನು ಕರೆದು ತೋರಿಸಿದೆ. ಅವನು ತಲೆ ಕೆರೆದುಕೊಂಡ.

"ಅವ್ವ ಆ ಕಡಿಂದ ಹಾಕಿದ ಸಪ್ಪಳ ಕೇಳಿತು. ನಾನೂ ಈ ಕಡಿಂದ ಒಂದು ಜಡಿದೆ. ಒಮ್ಮಿಗೇ ತೆಗೆದು ಬಂದು ಬೈದ್ರ ಅಂತ ಅಂಜಿಕಿ."

"ಬೈದ್ರೂ ನಡೀತದ ಅಂದಿದ್ದಿ!"

"ಅಂದಿದ್ದೆ. ಹೇಳೋದು ಸುಲಭ ಅದ ಇಲ್ಲೋ?"

ಹಾಗಾದರೆ ಆ ಬೆಳಿಗ್ಗೆ ಗಿರಣಿಯ ಕಡೆಯದನ್ನು ತೆಗೆದದ್ದು ಚಾಚಾ. ನಾನು ಇಷ್ಟು ದಿನ ಒಂದೇ ಚಿಲಕದ ಸಪ್ಪಳ ಕೇಳಿದೆನೆಂದು ಎಲ್ಲರಿಗೂ ಹೇಳಿದ್ದೇನೆ. ಇನ್ನು ಎರಡು ಎಂದು ತಿದ್ದಿಕೊಳ್ಳಬೇಕು.

ತಾಯಿ ಒಳಗಿದ್ದರು. ಏಣಿಯ ಬುಡದಲ್ಲಿ ಕುರ್ಚಿ ಹಾಕಿಕೊಂಡು, ಮೇಲೆ ನಿಂತ ಚಾಚಾಗೆ ಗೋಣಿತಟ್ಟು ಹೇಗೆ ಹೊದಿಸಬೇಕೆಂದು ಹೇಳುತ್ತಿದ್ದರು. ಚಾಚಾ "ಹೌದ್ರೀ ಅಮ್ಮಾ, ಹೌದ್ರೀ" ಎನ್ನುತ್ತ ತಮಗೆ ಬೇಕಾದಂತೆಯೇ ಹೊದಿಸುತ್ತಿದ್ದರು. ಗೆಳೆಯ ಪೀಪಾಯಿಯಿಂದ ನಾಲ್ಕು ಹನಿ ತೆಗೆದು ನನಗೆ ಕೊಟ್ಟ. ಬಣ್ಣ ಈಗಷ್ಟೇ ಹಿಡಿಯುತ್ತಿತ್ತು. ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಇಟ್ಟುಕೊಂಡೆ.

ತಾಯಿ ಈ ಕಡೆ ತಿರುಗಲಿಲ್ಲ. ತೊಟ್ಟಿಯನ್ನೇ ನೋಡುತ್ತ ಕೇಳಿದರು:

"ಏನಪ್ಪಾ, ಅದು… ಹ್ಯಾಂಗಾಗ್ಯದ?"

"ರೊಟ್ಟಿ ವಾಸನಿ ಬರ್ತದ ರೀ ಯವ್ವಾ." ಈ ಸಲ ನನಗೆ ಅನುಮಾನ ಬರಲಿಲ್ಲ.

"ಬರ್ಲೇಬೇಕಲ್ಲ" ಎಂದರು. "ಜ್ವಾಳ ಯಾರ್ದು?"